ಒಂದು, ಸೊನ್ನೆ, ಎರಡು: ಗಂಗಾವತಿಯ ನಮ್ಮ ಮನೆಗೆ ಚೇಂಜೋವರ್ ಕೂಡಿಸಿದ ದಿನಚರಿ

ಶಿವರಾತ್ರಿ ಮುಗಿದ ವಾರ

ಅಪ್ಪನ ಮಂಚದ ಪಕ್ಕ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ನಿಮಿಷಕ್ಕೆ ಐದು ಲೀಟರಿನ ಕಾನ್ಸಂಟ್ರೇಟರ್ ಬಂದು ಮೂರು ತಿಂಗಳಾಯಿತು. ತೆಗೆದುಕೊಳ್ಳುವುದು 350 ವ್ಯಾಟ್ ಆಸುಪಾಸು, ಹೆಚ್ಚೇನಲ್ಲ. ಆದರೆ ದಿನಕ್ಕೆ ಹದಿನಾರು ತಾಸು ಓಡಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮನೆಯ ಸೈನ್ ವೇವ್ ಇನ್ವರ್ಟರಿಗೆ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಒಂದೇ. 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್ ಅವರ್. ಕಾಗದದ ಮೇಲೆ ಐದು ತಾಸು ಬರಬೇಕು. ನಾಲ್ಕು ವರ್ಷದ ಬ್ಯಾಟರಿ, ಜೊತೆಗೆ ಎರಡು ಫ್ಯಾನು. ಎರಡೂವರೆ ತಾಸಿಗೆ ಕೂಗತೊಡಗಿತು. ಆ ರಾತ್ರಿ ಉಳಿದದ್ದನ್ನು ಸಣ್ಣ ಸಿಲಿಂಡರಿನಲ್ಲಿ ಕಳೆದೆವು. ಅಪ್ಪ ಏನೂ ಅನ್ನಲಿಲ್ಲ. ಸಿಲಿಂಡರಿನ ಮುಳ್ಳನ್ನೇ ನೋಡುತ್ತ ಮಲಗಿದ್ದರು. ಮರುದಿನ ಬೆಳಿಗ್ಗೆಯೇ ಜನರೇಟರ್ ಹುಡುಕಲು ಹೊರಟೆ.

ನಮ್ಮ ಸುತ್ತ ವಿದ್ಯುತ್ತಿನ ಉತ್ಪಾದನೆಗೇನೂ ಬರವಿಲ್ಲ. ಶಕ್ತಿನಗರದ ರಾಯಚೂರು ಸ್ಥಾವರ 1,720 ಮೆಗಾವ್ಯಾಟಿನದು, ಕುಡತಿನಿಯ ಬಳ್ಳಾರಿ ಸ್ಥಾವರ 1,700 ಮೆಗಾವ್ಯಾಟಿನದು, ಮುನಿರಾಬಾದಿನ ಅಣೆಕಟ್ಟೆಯ ಬುಡದಲ್ಲೂ ವಿದ್ಯುತ್ ಮನೆ ಇದೆ. ಆದರೆ ಬಿರುಗಾಳಿಗೆ ಬೇವಿನ ಟೊಂಗೆ ಬಿದ್ದು ತಂತಿ ಹರಿದರೆ ಅವೆಲ್ಲ ನಮ್ಮ ಓಣಿಗೆ ಇಲ್ಲದಂತೆಯೇ.

ಶಾಮಿಯಾನ ಅಂಗಡಿಯ ಮಾವ ಮಾರಲು ಇಟ್ಟಿದ್ದ ಹಳೇ 3 ಕೆವಿಎ ಪೆಟ್ರೋಲ್ ಜನರೇಟರ್ ಸಿಕ್ಕಿತು. ಅದರ ಜೊತೆ ಒಂದು ವೈರನ್ನೂ ಕೊಟ್ಟರು. ಎರಡೂ ತುದಿಗೆ ಗಂಡು ಪಿನ್. "ಒಂದು ಜನರೇಟರಿಗೆ, ಇನ್ನೊಂದು ಮನಿ ಸಾಕೆಟ್ಟಿಗೆ ಹಾಕ್ರಿ, ಮನಿ ತುಂಬ ಕರೆಂಟು" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮದುವೆ ಮನೆಗಳಲ್ಲಿ ಅವರು ಹಾಗೇ ಮಾಡುತ್ತ ಬಂದಿದ್ದಾರೆ.

ಆ ವೈರು ಕೈಯಲ್ಲಿ ಹಿಡಿದು ಬರುವಾಗ ಪಕ್ಕದ ಮನೆಯ ಲೈನ್‌ಮನ್ ಮಾವ ಕಟ್ಟೆಯ ಮೇಲೆ ಕೂತಿದ್ದರು. ವೈರನ್ನು ನೋಡಿ ಎದ್ದು ಬಂದರು. "ತಮ್ಮಾ, ಇದನ್ನ ಚುಚ್ಚಿದಿ ಅಂದ್ರ ಕಂಬದ ಮ್ಯಾಲಿರೋ ನನಗ ತಾಗತೈತಿ."

ಅಂದು ಸಂಜೆ ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಮೇನ್ಸ್ ಮತ್ತು ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಕೂಡಿಸುವ ಚೇಂಜೋವರ್ ಸ್ವಿಚ್ ಹಾಕಿಸಿದ ಈ ಕೆಲಸದ ಬುನಾದಿಯೇ ಅದು. ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್) 11 ಕೆವಿಯನ್ನು, ಅಂದರೆ 11,000 ವೋಲ್ಟನ್ನು, 433 ವೋಲ್ಟಿಗೆ ಇಳಿಸುತ್ತದೆ, ಅಂದರೆ ಸುಮಾರು ಇಪ್ಪತ್ತೈದನೇ ಒಂದು ಭಾಗಕ್ಕೆ. ಟಿಸಿಗೆ ಹಿಂದು ಮುಂದು ಗೊತ್ತಿಲ್ಲ. ಮನೆಯ ಕಡೆಯಿಂದ ಕರೆಂಟು ನುಗ್ಗಿಸಿದರೆ ಅಷ್ಟೇ ಪಟ್ಟು ಏರಿಸಿ ಮೇಲಿನ ಲೈನಿಗೆ ಸಾವಿರಾರು ವೋಲ್ಟ್ ಕೊಡುತ್ತದೆ. ಸಬ್ ಸ್ಟೇಷನ್ನಿನಿಂದ ಎಲ್‌ಸಿ (ಲೈನ್ ಬಂದ್ ಮಾಡಿಸಿದ ಅನುಮತಿ) ತೆಗೆದುಕೊಂಡು, ಲೈನ್ ಸತ್ತಿದೆ ಅಂತ ಕಂಬ ಹತ್ತಿದವನಿಗೆ ಅದು ಕಾಣುವುದಿಲ್ಲ. ಅದಕ್ಕೇ ಅವರು ಟೆಸ್ಟ್ ಮಾಡಿ, ಲೈನನ್ನು ನೆಲಕ್ಕೆ ಕೂಡಿಸುವ ಅರ್ತ್ ರಾಡ್ ಕಟ್ಟಿಕೊಂಡೇ ಕೆಲಸ ಶುರು ಮಾಡುತ್ತಾರೆ. ನಾನು ಕೇಳಿದೆ: ಓಣಿಯ ಎಲ್ಲ ಮನೆಗಳ ಲೋಡು ಬಿದ್ದರೆ ಇಷ್ಟು ಸಣ್ಣ ಜನರೇಟರ್ ಅಲ್ಲೇ ನಿಂತುಬಿಡುವುದಿಲ್ಲವೇ? "ನಿಲ್ಲತೈತಿ, ಖರೇ. ಆದ್ರ ನಿನ್ನ ಮನಿ ಕಂಬದಾಗೇ ತಂತಿ ಹರಿದು ಬಿದ್ದಿದ್ರ? ಅವಾಗ ಲೋಡ್ ಯಾವುದು? ಹರಿದ ತಂತಿ ಕೂಡ್ಸಾಕ ಬಂದಾಂವ ಲೋಡ್." ಏರಿಸುವ ಟಿಸಿಯೂ ಬೇಕಿಲ್ಲ, ನೇರ 230 ವೋಲ್ಟೇ ಸಾಕು.

ಇಷ್ಟೇ ಅಲ್ಲ. ಆ ವೈರಿನ ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ಹೊಳೆಯುವ ಪಿನ್ನುಗಳಲ್ಲಿ ಪೂರ್ತಿ ಕರೆಂಟು ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ. ಪ್ಲೈಯರ್ ತಂದು ಎರಡೂ ಪಿನ್ ಕತ್ತರಿಸಿದೆ.

ಹೋಳಿ ಹುಣ್ಣಿಮೆ

ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ವೈರಿಂಗ್ ನನ್ನ ಹವ್ಯಾಸ. ಮೀಟರ್ ಕಡೆಯ ಕೆಲಸ ಲೈಸೆನ್ಸ್ ಇದ್ದವರದೇ. ನಮ್ಮ ಮಿಲ್ಲಿನ ಎಲೆಕ್ಟ್ರಿಷಿಯನ್ ಕಾಕಾ ಒಪ್ಪಿಕೊಂಡರು. ಬಾಕ್ಸು, ಪೈಪು, ಹೆಸರು ಚೀಟಿ, ಲೆಕ್ಕ, ಪರೀಕ್ಷೆಯ ಪಟ್ಟಿ ನನ್ನ ಪಾಲು.

ಲೋಡು ಲೆಕ್ಕ ಹಾಕಿದೆ. ಕಾನ್ಸಂಟ್ರೇಟರ್ 350, ಫ್ರಿಜ್ 150, ನಾಲ್ಕು ಫ್ಯಾನು 300, ಎಲ್‌ಇಡಿ ದೀಪಗಳು 70, ಒಟ್ಟು 870 ವ್ಯಾಟ್. ಜನರೇಟರ್ 230 ವೋಲ್ಟಿನಲ್ಲಿ 13 ಆಂಪಿಯರ್ ಕೊಡುತ್ತದೆ, ಧಾರಾಳ. ಅವ್ವನಿಗೆ ಬೋರಿನ ಮೋಟರೂ ಬೇಕಿತ್ತು. 1 ಎಚ್‌ಪಿ ಮೋಟರ್ ಓಡುವಾಗ ಆರೇಳು ಆಂಪಿಯರ್, ಸರಿ. ಆದರೆ ಏಳುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಎಳೆತಕ್ಕೆ ವೋಲ್ಟೇಜ್ ಕುಸಿದರೆ ಮೊದಲು ಪೆಟ್ಟು ತಿನ್ನುವುದು ಅಪ್ಪನ ಮಷೀನು. ಮೋಟರ್, ಗೀಜರ್, ಅಡುಗೆಮನೆಯ ಗ್ರೈಂಡರ್ ಮೂರನ್ನೂ ಹಳೇ ಡಿಬಿಯಲ್ಲೇ (ಮನೆಯ ಸರ್ಕ್ಯೂಟ್‌ಗಳನ್ನು ಹಂಚುವ ಪೆಟ್ಟಿಗೆ) ಬಿಟ್ಟೆ. ಉಳಿದವಕ್ಕೆ ಹೊಸ ಸಣ್ಣ ಡಿಬಿ, ಅದರ ಮುಂದೆ ಚೇಂಜೋವರ್.

ಮಿಲ್ಲಿನಲ್ಲಿ ಡೀಸೆಲ್ ಜನರೇಟರಿಗೆ ಆಟೋಮ್ಯಾಟಿಕ್ ಪ್ಯಾನೆಲ್ ಇದೆ. ಎರಡು ಕಾಂಟ್ಯಾಕ್ಟರು (ಕಾಯಿಲಿಗೆ ಕರೆಂಟು ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್ಚು), ಒಂದು ಎಳೆದುಕೊಂಡರೆ ಇನ್ನೊಂದು ಎಳೆಯದಂತೆ ನಡುವೆ ಕಬ್ಬಿಣದ ನಾಲಿಗೆ. ಮೇಲಾಗಿ ಒಂದರ ಕಾಯಿಲ್ ಇನ್ನೊಂದರ ಪಾಯಿಂಟ್ ಹಾಯ್ದೇ ಹೋಗುತ್ತದೆ. ಆ ಬಾಗಿಲು ತೆಗೆದಾಗಲೆಲ್ಲ ನಿಂತು ನೋಡುತ್ತೇನೆ, ಅಷ್ಟು ಚೆಂದದ ಏರ್ಪಾಡು. ಮನೆಗೂ ಅದನ್ನೇ ಕಟ್ಟುವ ಆಸೆಯಿತ್ತು. ಆದರೆ ನಮ್ಮ ಜನರೇಟರ್ ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಇನ್ವರ್ಟರ್ ಇರುವುದರಿಂದ ಅವಸರವೂ ಇಲ್ಲ. ಕೈಯಿಂದ ತಿರುಗಿಸುವ 1-0-2 ಸ್ವಿಚ್ಚೇ ಸರಿ ಅಂತ ತೀರ್ಮಾನಿಸಿದೆ: ಒಂದರಲ್ಲಿ ಮೇನ್ಸ್, ಎರಡರಲ್ಲಿ ಜನರೇಟರ್, ನಡುವಿನ ಸೊನ್ನೆಯಲ್ಲಿ ಎರಡೂ ಬಂದ್.

ಅಂಗಡಿಯವರು "13 ಆಂಪಿಯರ್ ಜನರೇಟರಿಗೆ 16ರದು ಸಾಕು" ಅಂದರು. ಸಾಲದು. ಅದೇ ಸ್ವಿಚ್ಚಿನ ಇನ್ನೊಂದು ಬದಿಗೆ 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಹಿಂದಿರುವ ಮೇನ್ಸ್ ಬರುತ್ತದೆ. 40 ಆಂಪಿಯರಿನ ಎರಡು ಪೋಲಿನದನ್ನು ತಂದೆ, ಮೈಮೇಲೆ ಐಎಸ್/ಐಇಸಿ 60947-3 ಅಂತ ಅಚ್ಚಾಗಿರುವುದನ್ನು ನೋಡಿಯೇ. ಎರಡು ಪೋಲು ಯಾಕೆಂದರೆ ಕರೆಂಟು ಬರುವ ಫೇಸ್ ಜೊತೆ ಅದು ವಾಪಸು ಹೋಗುವ ನ್ಯೂಟ್ರಲ್ಲೂ ಬದಲಾಗಬೇಕು. ಅದರ ಬೆಲೆ ಮುಂದೆ ಗೊತ್ತಾಯಿತು.

ಯುಗಾದಿಗೆ ನಾಲ್ಕು ದಿನ

ಸೆಕ್ಷನ್ ಆಫೀಸಿಗೆ ತಿಳಿಸಿ ಕಟೌಟ್ (ಮನೆಗೆ ಬರುವ ಲೈನಿನ ಫ್ಯೂಸ್) ತೆಗೆಸಿದೆವು. ಅರ್ಧ ದಿನದ ಕೆಲಸ. ಕರೆಂಟು ಕೊಡುವ ಮುಂಚೆ ಕಾಕಾ ಮಲ್ಟಿಮೀಟರನ್ನು ಬಜರ್‌ಗೆ ಇಟ್ಟು ನನ್ನಿಂದಲೇ ಪರೀಕ್ಷೆ ಮಾಡಿಸಿದರು. ಹಿಡಿಕೆ ಒಂದರಲ್ಲಿದ್ದಾಗ ಮೇನ್ಸ್‌ನಿಂದ ಲೋಡಿಗೆ ಕೂಗಬೇಕು. ಎರಡರಲ್ಲಿ ಜನರೇಟರಿನಿಂದ ಲೋಡಿಗೆ. ಸೊನ್ನೆಯಲ್ಲಿ ಎಲ್ಲೂ ಕೂಗಬಾರದು. ಕೊನೆಯದು ಮುಖ್ಯ: ಮೇನ್ಸ್ ಟರ್ಮಿನಲ್ಲಿನಿಂದ ಜನರೇಟರ್ ಟರ್ಮಿನಲ್ಲಿಗೆ ಮೂರೂ ಕಡೆ, ಹಿಡಿಕೆಯನ್ನು ನಿಧಾನಕ್ಕೆ ತಿರುಗಿಸುವ ನಡುವೆಯೂ, ಒಮ್ಮೆಯೂ ಕೂಗಬಾರದು. ಹತ್ತು ಸಲ ತಿರುಗಿಸಿದೆ. ಕೂಗಲಿಲ್ಲ.

ಚೇಂಜೋವರ್‌ಗಿಂತ ಮುಂಚೆ, ಮೇನ್ಸ್ ಬದಿಯಲ್ಲಿ, ಫ್ಯೂಸ್ ಹಿಂದೆ ಒಂದು ಕೆಂಪು ಇಂಡಿಕೇಟರ್ ಹಾಕಿದೆವು. ಜನರೇಟರ್ ಓಡುವಾಗ ಹೊರಗೆ ಕರೆಂಟು ಬಂತೋ ಇಲ್ಲವೋ ಅದರಿಂದಲೇ ತಿಳಿಯುತ್ತದೆ.

ಯುಗಾದಿಯ ವಾರ

ಇಲ್ಲಿ ಮೂರು ದಿನ ಹೋಯಿತು. ಹೊಸ ಡಿಬಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆ, ಹೋದ ಕರೆಂಟು ಅಷ್ಟೂ ವಾಪಸು ಬರದಿದ್ದರೆ ತಾನೇ ಬೀಳುವ ಸ್ವಿಚ್ಚು. ಹಗಲೆಲ್ಲ ಸುಮ್ಮನಿದ್ದದ್ದು ಸಂಜೆ ಬೀಳುತ್ತಿತ್ತು. ಫ್ರಿಜ್ ತೆಗೆದು ನೋಡಿದೆ, ಬಿತ್ತು. ಫ್ಯಾನು ಒಂದೊಂದಾಗಿ ಆಫ್ ಮಾಡಿದೆ, ಬಿತ್ತು. ಕಾಕಾ ಮೆಗ್ಗರ್ ತಂದು ಇನ್ಸುಲೇಷನ್ ನೋಡಿದರು, ಚೊಕ್ಕ ಇತ್ತು. ಆರ್‌ಸಿಸಿಬಿಯನ್ನೇ ಬದಲಿಸೋಣ ಅನ್ನುವ ಹಂತಕ್ಕೆ ಬಂದೆವು. ಆಗ ಅವ್ವ ಹೇಳಿದಳು, "ನಾ ದೀಪಾ ಹಚ್ಚಾಕ ಮಾಳಿಗಿ ಮೆಟ್ಲ ಲೈಟ್ ಹಾಕಿದ ಕೂಡ್ಲೇ ಹೋಗತೈತಿ ನೋಡು."

ಮೆಟ್ಟಿಲಿನ ದೀಪದ ಬಾಕ್ಸ್ ಬಿಚ್ಚಿದೆವು. ಹತ್ತು ವರ್ಷದ ಹಿಂದೆ ಮಾಳಿಗೆ ಕಟ್ಟಿಸಿದಾಗ ಯಾರೋ ಫೇಸನ್ನು ಪಡಸಾಲೆಯಿಂದಲೂ ನ್ಯೂಟ್ರಲ್ಲನ್ನು ಹತ್ತಿರವಿದ್ದ ಅಡುಗೆಮನೆಯಿಂದಲೂ ತೆಗೆದುಕೊಂಡಿದ್ದರು. ಹಳೇ ಡಿಬಿಯಲ್ಲಿ ಎಲ್ಲ ನ್ಯೂಟ್ರಲ್ಲೂ ಒಂದೇ ಪಟ್ಟಿಗೆ ಸೇರುತ್ತಿದ್ದರಿಂದ ತೊಂದರೆ ಕಾಣಲಿಲ್ಲ. ಈಗ ಪಡಸಾಲೆ ಹೊಸ ಡಿಬಿಗೆ ಬಂದಿದೆ, ಅಡುಗೆಮನೆ ಹಳೆಯದರಲ್ಲೇ ಇದೆ. ಕರೆಂಟು ಆರ್‌ಸಿಸಿಬಿ ಹಾಯ್ದು ಹೋಗಿ, ವಾಪಸು ಬರುವಾಗ ಬೇರೆ ದಾರಿ ಹಿಡಿಯುತ್ತಿತ್ತು. 9 ವ್ಯಾಟಿನ ಬಲ್ಬನ್ನು 230ರಿಂದ ಭಾಗಿಸಿದರೆ 39 ಮಿಲಿ ಆಂಪಿಯರ್. 30ರದು ಬೀಳದೆ ಇರುತ್ತದೆಯೇ?

ಅಂದು ರಾತ್ರಿ ಬಹಳ ಹೊತ್ತು ಇದನ್ನೇ ಯೋಚಿಸಿದೆ. ಆರ್‌ಸಿಸಿಬಿ ಇಲ್ಲದಿದ್ದರೆ ಇದು ಸಿಕ್ಕುತ್ತಲೇ ಇರಲಿಲ್ಲ. ಹಿಡಿಕೆ ಎರಡರಲ್ಲಿ ಇರುವಾಗಲೂ ಆ ಒಂದು ಸಣ್ಣ ದೀಪದ ಮೂಲಕ ಜನರೇಟರಿನ ಫೇಸ್ ಬೀದಿಯ ನ್ಯೂಟ್ರಲ್ ಮುಟ್ಟುತ್ತಿತ್ತು. ಸ್ವಿಚ್ ಬೇರೆ ಮಾಡಿದ್ದನ್ನು ಒಂದು ಹಳೇ ಜೋಡು ವೈರು ಮತ್ತೆ ಕೂಡಿಸುತ್ತಿತ್ತು. ಮನೆಗೆ ಚೇಂಜೋವರ್ ಹಾಕಿಸುವವರು ಸರ್ಕ್ಯೂಟ್ ವಿಂಗಡಿಸುವಾಗ ಪ್ರತಿ ಫೇಸಿನ ನ್ಯೂಟ್ರಲ್ ಅದೇ ಡಿಬಿಗೆ ಬಂದಿದೆಯೇ ಅಂತ ನೋಡಲೇಬೇಕು. ದಯವಿಟ್ಟು ನೋಡಿ.

ಮರುದಿನ ಮೆಟ್ಟಿಲಿಗೆ ಹೊಸ ನ್ಯೂಟ್ರಲ್ ಎಳೆದೆವು. ಆಮೇಲೆ ಬಿದ್ದಿಲ್ಲ.

ಏಪ್ರಿಲ್ ನಡು

ಜನರೇಟರ್ ಮೊದಲ ಸಲ ಹಚ್ಚಿದಾಗ ಟೆಸ್ಟರ್ ಎರಡೂ ವೈರಿನಲ್ಲಿ ಮಿಣುಕಿತು. ಅರ್ತಿಗೆ ಅಳೆದರೆ ಎರಡೂ ಕಡೆ 115 ಆಸುಪಾಸು. ಜನರೇಟರಿನ ವೈಂಡಿಂಗ್ ಯಾವುದಕ್ಕೂ ಅಂಟದೆ ತೇಲುತ್ತಿರುವುದರ ಗುರುತು ಅದು. ಈ ಸ್ಥಿತಿಯಲ್ಲಿ ಫ್ರಿಜ್ಜಿನ ಮೈಗೆ ಫೇಸ್ ಸೋರಿದರೂ ಆರ್‌ಸಿಸಿಬಿ ಬೀಳುವುದಿಲ್ಲ, ಕರೆಂಟಿಗೆ ವಾಪಸು ಹೋಗುವ ದಾರಿಯೇ ಇರುವುದಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಬೀಳುತ್ತದೆ. ಅದಕ್ಕೆ ಅರ್ತಿನ ಹಂಗಿಲ್ಲ. ಬಟನ್ನಿಗೆ ಬಿತ್ತು ಅಂದಮಾತ್ರಕ್ಕೆ ನಂಬಬಾರದು. ಕಾಕಾ ಜನರೇಟರಿನ ಒಂದು ತುದಿಯನ್ನು ಅದರ ಚಾಸಿಗೂ ಮನೆಯ ಅರ್ತಿಗೂ ಕಟ್ಟಿ ನ್ಯೂಟ್ರಲ್ ಮಾಡಿದರು. ಎರಡು ಪೋಲಿನ ಸ್ವಿಚ್ ಬೀದಿಯ ನ್ಯೂಟ್ರಲ್ಲನ್ನೂ ಬಿಡಿಸುವುದರಿಂದಲೇ ಇದು ಸಾಧ್ಯ. ಇನ್ವರ್ಟರ್ ಮಾದರಿಯ ಹೊಸ ಜನರೇಟರ್ ಇದ್ದವರು ಕಂಪನಿಯ ಪುಸ್ತಕ ನೋಡದೆ ಹೀಗೆ ಮಾಡಬೇಡಿ.

ಜನರೇಟರ್ ಇಟ್ಟಿರುವುದು ಹಿತ್ತಲಿನ ಗೋಡೆಯಾಚೆ, ತಗಡಿನ ನೆರಳಲ್ಲಿ, ಅಪ್ಪನ ಕಿಟಕಿಗೆ ಬೆನ್ನು ಮಾಡಿ. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಉಸಿರಿಗಾಗಿ ತಂದ ಯಂತ್ರವೇ ಉಸಿರು ಕಟ್ಟಿಸಬಾರದು. ವರಾಂಡದಲ್ಲಂತೂ ಬೇಡವೇ ಬೇಡ.

ಮೇ ಕೊನೆ

ಬಿಸಿಲು 42 ಡಿಗ್ರಿ ದಾಟಿದ ವಾರ ಬಾಕ್ಸ್ ಬಿಚ್ಚಿದೆ, ಮೊದಲು ಎಲ್ಲ ಆಫ್ ಮಾಡಿ, ಕಟೌಟ್ ತೆಗೆಸಿ, ಟೆಸ್ಟ್ ಲ್ಯಾಂಪ್ ಇಟ್ಟು ಖಾತ್ರಿ ಮಾಡಿಕೊಂಡು. ಮೇನ್ಸ್ ಕಡೆಯ ಒಂದು ಲಗ್ಗು (ತಂತಿಯ ತುದಿಗೆ ಒತ್ತಿಸುವ ಲೋಹದ ತುಂಡು) ಕಂದು ಬಣ್ಣಕ್ಕೆ ತಿರುಗಿತ್ತು, ಸ್ಕ್ರೂ ಕಾಲು ಸುತ್ತು ಸಡಿಲ. ಅಲ್ಯುಮಿನಿಯಂ ತಂತಿ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತ ತಾನೇ ಜಾಗ ಮಾಡಿಕೊಳ್ಳುತ್ತದೆ. ತುದಿ ಕತ್ತರಿಸಿ, ಅಲ್ಯುಮಿನಿಯಂ ಮತ್ತು ತಾಮ್ರ ಎರಡೂ ಇರುವ ಬೈಮೆಟಲ್ ಲಗ್ಗು ಒತ್ತಿಸಿದೆವು. ಒಳಗೆ ಭತ್ತದ ಹೊಟ್ಟಿನ ದೂಳು ಬೆರಳಿಗೆ ಅಂಟುವಷ್ಟಿತ್ತು, ಹಲ್ಲಿಯ ಮೊಟ್ಟೆ ಬೇರೆ. ಪೈಪಿನ ತೂತುಗಳಿಗೆ ಸಂದು ಮುಚ್ಚುವ ಗ್ಲ್ಯಾಂಡ್ ಹಾಕಿದೆ.

ಅರ್ತಿನ ಗುಂಡಿ ಫೆಬ್ರವರಿಯಲ್ಲಿ 4 ಓಮ್ ತೋರಿಸಿತ್ತು, ಈಗ 11. ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಈಗ ಅವ್ವ ಸೋಮವಾರಕ್ಕೊಮ್ಮೆ ತುಳಸಿಗೆ ನೀರು ಹಾಕಿ ಎರಡು ಕೊಡ ಅಲ್ಲಿಗೂ ಸುರಿಯುತ್ತಾಳೆ. ತಿಂಗಳಿಗೊಮ್ಮೆ ಕರೆಂಟು ಹೋಗದಿದ್ದರೂ ಜನರೇಟರ್ ಹಚ್ಚಿ ಇಪ್ಪತ್ತು ನಿಮಿಷ ಲೋಡು ಕೊಡುತ್ತೇವೆ. ಹಿಡಿಕೆಯೂ ತಿರುಗುತ್ತದೆ, ಪಾಯಿಂಟುಗಳೂ ಉಜ್ಜಿ ಚೊಕ್ಕಾಗುತ್ತವೆ.

ಕಾರಹುಣ್ಣಿಮೆ ಕಳೆದು

ನಾನು ಕಾರಟಗಿಗೆ ಹೋಗಿದ್ದ ಸಂಜೆ ಗಾಳಿ ಮಳೆಗೆ ನಮ್ಮ ಕಂಬದ ತಂತಿಯೇ ಹರಿಯಿತು. ಬಾಕ್ಸಿನ ಬಾಗಿಲ ಮೇಲೆ ಬರೆದು ಅಂಟಿಸಿದ್ದನ್ನು ಅವ್ವ ಓದಿಕೊಂಡು ಮಾಡಿದಳಂತೆ: ಸಣ್ಣ ಎಂಸಿಬಿಗಳು ಕೆಳಗೆ, ಹಿಡಿಕೆ ಸೊನ್ನೆಗೆ, ಜನರೇಟರ್ ಹಚ್ಚಿ ಎರಡು ನಿಮಿಷ ಬಿಟ್ಟು ವೋಲ್ಟ್ ಮೀಟರ್ 230 ನೋಡಿ, ಹಿಡಿಕೆ ಎರಡಕ್ಕೆ, ಮೊದಲು ಅಪ್ಪನ ಕೋಣೆ, ಐದು ನಿಮಿಷ ಬಿಟ್ಟು ಫ್ರಿಜ್. ಹಗ್ಗ ಎಳೆದದ್ದು ಪಕ್ಕದ ಮನೆಯ ಹುಡುಗ.

ರಾತ್ರಿ ಒಂಬತ್ತಕ್ಕೆ ಬಂದಾಗ ಲೈನ್‌ಮನ್ ಮಾವ ನಮ್ಮ ಅಂಗಳದಲ್ಲಿದ್ದರು, ರೇನ್‌ಕೋಟ್ ಹಾಕಿಕೊಂಡು, ಬ್ಯಾಟರಿ ಹಿಡಿದು. ಜನರೇಟರ್ ಸದ್ದು ಕೇಳಿ ನೋಡಲು ಬಂದಿದ್ದರು. ಹಿಡಿಕೆ ನೋಡಿದರು, ಕೆಂಪು ದೀಪ ಆರಿರುವುದನ್ನು ನೋಡಿದರು. ಆಮೇಲೂ ಕಂಬದ ಬಳಿ ಹೋಗಿ ಟೆಸ್ಟ್ ಮಾಡಿ, ಅರ್ತ್ ರಾಡ್ ಕಟ್ಟಿಯೇ ಹತ್ತಿದರು. ಹಾಗೇ ಮಾಡಬೇಕು. ಒಳಗೆ ಅಪ್ಪನ ಮಷೀನು ಓಡುತ್ತಿತ್ತು, ನಾನು ಕೆಳಗೆ ಬ್ಯಾಟರಿ ಹಿಡಿದು ನಿಂತೆ.

ಭಾನುವಾರ ಶಾಮಿಯಾನ ಮಾವನ ಅಂಗಡಿಗೆ ಹೋಗಿದ್ದೆ. ಎರಡು ತುದಿಗೂ ಪಿನ್ ಇರುವ ವೈರುಗಳು ಇನ್ನೂ ಮೂರಿದ್ದವು. ಕಂಬದ ಸಂಗತಿ ಕೇಳಿ ಎರಡನ್ನು ಅವರೇ ಕತ್ತರಿಸಿದರು. ಮೂರನೆಯದು ಸಿದ್ದಾಪುರದ ಒಂದು ಮದುವೆ ಮನೆಗೆ ಹೋಗಿದೆ, ಗುರುವಾರ ವಾಪಸು ಬರುತ್ತದೆ.