ಲ್ಯಾಬಿನಲ್ಲಿ ಕೇಳಿಸಿದ ಮಗ್ಗದ ಸದ್ದು

ಒಂಬತ್ತನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು, "ಈ ಸಲ ಪ್ರಬಂಧ ಬೇಡ, ಕತೆ ಮಾಡ್ಕೊಂಡು ಬನ್ನಿ" ಅಂದರು. ಬರೆದರಷ್ಟೇ ಸಾಲದು. ನಮ್ಮದೇ ದನಿಯಲ್ಲಿ ಹೇಳಬೇಕು, ನಾವೇ ತೆಗೆದ ಫೋಟೊ ಜೋಡಿಸಬೇಕು. ಮೂರು ನಿಮಿಷ ಮೀರುವಂತಿಲ್ಲ.

ಚಳ್ಳಕೆರೆ ಕಡೆಯವರಿಗೆ ಕಂಬಳಿ ಹೊಸದಲ್ಲ. ನಮ್ಮ ಗುಂಪಿನ ಒಬ್ಬಳ ಮನೆಯಲ್ಲೇ ಕುಣಿ ಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ, ಇತ್ತು. ತರಗತಿಯಲ್ಲಿ ಬಾಯೇ ಬಿಡದ ಹುಡುಗಿ ಅವಳು. ಅವಳ ಅಜ್ಜಿ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಲ್ಲಿ ಕುದಿಸಿ 'ಸರಿ', ಅಂದರೆ ಎಳೆಗೆ ಬಳಿಯುವ ಗಂಜಿ, ಮಾಡುತ್ತಿದ್ದರು. ಅದನ್ನು ಮಗ್ಗದಲ್ಲಿ ಉದ್ದಕ್ಕೆ ಹಾಸುವ ಉಣ್ಣೆಯ ಎಳೆಗಳಿಗೆ ಬಳಿದು ಒಣಗಿಸಬೇಕು. ಆಗ ಎಳೆ ಬಿಗಿಯಾಗಿ, ನೇಯುವಾಗ ಹರಿಯುವುದಿಲ್ಲ. ಅವಳು ಇದನ್ನೆಲ್ಲ ಪುಸ್ತಕದ ಭಾಷೆಯಲ್ಲಿ ಬರೆದು ತಂದಿದ್ದಳು. ಮೇಷ್ಟ್ರು ಓದಿ, "ಮನೇಲಿ ಹೀಗೇ ಮಾತಾಡ್ತೀಯಾ?" ಅಂತ ಕೇಳಿದರು. ಹಾಳೆ ಪಕ್ಕಕ್ಕಿಟ್ಟು ಮೈಕ್ ಕೊಟ್ಟರು. "ಸರಿ ಚೆಂದಾಗಿ ಹತ್ಬೇಕು, ಇಲ್ಲಾಂದ್ರೆ ಎಳೆ ಹರೀತೈತೆ" ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ!

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್. ಮೊದಲು ಒಂದೆರಡು ಸೆಕೆಂಡ್ ಎಲ್ಲರೂ ಸುಮ್ನೆ ಕೂರಬೇಕು. ಆ ಖಾಲಿ ಭಾಗವನ್ನು ಆರಿಸಿ ತೋರಿಸಿದರೆ ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರ್ ಅದರಿಂದಲೇ ಕೋಣೆಯ ಗುಂಯ್ ಸದ್ದನ್ನು ಗುರುತು ಹಿಡಿದು, ಇಡೀ ರೆಕಾರ್ಡಿಂಗಿನಲ್ಲಿ ತಗ್ಗಿಸುತ್ತದೆ. ಮಗ್ಗದ ಸದ್ದನ್ನು ಮಾತ್ರ ಹಾಗೇ ಉಳಿಸಿಕೊಂಡೆವು. ಆಮೇಲೆ ಕತ್ತರಿಸುವ ಕೆಲಸ. ಅಜ್ಜಿಯ ಕೈ ಫೋಟೊದಲ್ಲಿ ಕಾಣುತ್ತಿದ್ದರೆ, ಕೈ ಹೇಗಿತ್ತು ಅನ್ನುವ ವಾಕ್ಯ ಯಾಕೆ ಬೇಕು, ಅಲ್ವಾ? ಬರೆದದ್ದನ್ನು ತಿದ್ದೋದು ಅಂದರೆ ಏನು ಅಂತ ನಾನು ಕಲಿತದ್ದು ಅಲ್ಲೇ, ವ್ಯಾಕರಣದ ಪೀರಿಯಡ್ಡಿನಲ್ಲಲ್ಲ.

ಈಗ ನಾನೂ ಪಾಠ ಮಾಡುತ್ತೇನೆ. 2015ರಲ್ಲಿ ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್ ಶುರು ಮಾಡಿದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರಗಳು ಸಿದ್ಧವಾಗಿ ಸಿಗುತ್ತವೆ, ಮಕ್ಕಳು ಅವನ್ನಿಟ್ಟುಕೊಂಡು ಕನ್ನಡದಲ್ಲೇ ಕತೆ ಕಟ್ಟಬಹುದು. ಚಿಕ್ಕ ಮಕ್ಕಳಿಗೆ ತುಂಬಾ ಅನುಕೂಲ. ಆದರೆ ಹೈಸ್ಕೂಲಿನವರು ತಮ್ಮ ಮನೆ, ಹೊಲ, ಸಂತೆಯ ಫೋಟೊ ತಾವೇ ತೆಗೆದು ತರಲಿ ಅಂತ ನಾನು ಹಟ ಹಿಡಿಯುತ್ತೇನೆ. ಫೋಟೊ ತೆಗೆಯೋಕೆ ಹೋದಾಗಲೇ ಅವರು ಮನೆಯವರನ್ನು ಪ್ರಶ್ನೆ ಕೇಳೋದು.

ಈ ಸಂಚಿಕೆ ಓದುವ ನಮ್ಮ ಶಾಲೆಯ ಶಿಕ್ಷಕರಲ್ಲಿ ಒಂದು ವಿನಂತಿ. ನಮ್ಮ ಕತೆಗಳು ಲ್ಯಾಬಿನ ಯಾವುದಾದರೂ ಹಳೆ ಕಂಪ್ಯೂಟರಿನಲ್ಲಿ ಇನ್ನೂ ಇದ್ದರೆ, ಅದು ಗುಜರಿಗೆ ಹೋಗುವ ಮುಂಚೆ ಒಂದು ಪೆನ್‌ಡ್ರೈವಿಗೆ ಹಾಕಿಡಿ. ಈಗಿನ ಒಂಬತ್ತನೇ ತರಗತಿಯವರಿಗೂ ತೋರಿಸಿ.