ಅಪ್ಪನ ಕಂಪ್ಯೂಟರಿಗೆ ಫೈರ್‌ವಾಲ್: ಮೂರು ವಾರದಲ್ಲಿ ಎಲ್ಲಿಗೆ ಬಂತು

1ನೇ ದಿನ

ಊರಿನ ಮನೆಗೆ ಕೇಬಲ್ ನೆಟ್ ಬಂದಿಲ್ಲ. ಅಪ್ಪನ ಕಂಪ್ಯೂಟರಿಗೆ ಅವರ ಫೋನಿನ ಹಾಟ್‌ಸ್ಪಾಟೇ ಆಧಾರ. ದಿನಕ್ಕೆ 1.5 ಜಿಬಿ. ಅದು ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿ. ಅಪ್ಪ ಮಾಡುವುದಾದರೂ ಏನು? ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನಲ್ಲಿ ಸಂಘದ ಪತ್ರ ಟೈಪ್ ಮಾಡುತ್ತಾರೆ, ಅಡಿಕೆ ರೇಟು ನೋಡುತ್ತಾರೆ, ಇಮೇಲ್ ಓದುತ್ತಾರೆ. ಇದಕ್ಕೆ ಅಷ್ಟು ಡೇಟಾ ಬೇಡ. ಹಾಗಾಗಿ ಈ ಕೆಲಸಕ್ಕೆ ಕೂತೆ: ಅಪ್ಪನನ್ನು ಕೇಳದೆ ಯಾವ ಪ್ರೋಗ್ರಾಮೂ ನೆಟ್ಟಿಗೆ ಹೋಗಬಾರದು.

ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು, ಯಾರು ಎಷ್ಟು ಡೇಟಾ ಎಳೆಯುತ್ತಿದ್ದಾರೆ ಅಂತ ಅರ್ಧ ಗಂಟೆ ನೋಡಿದೆ. ಪ್ರಿಂಟರ್ ಜೊತೆ ಬಂದ ಅಪ್‌ಡೇಟರ್, ಪಿಡಿಎಫ್ ಓದುವ ಸಾಫ್ಟ್‌ವೇರಿನ ಅಪ್‌ಡೇಟರ್, ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದ ಒಂದು ಕ್ಲೌಡ್ ಬ್ಯಾಕಪ್. ಎಲ್ಲಕ್ಕಿಂತ ಜಾಸ್ತಿ ಎಳೆಯುತ್ತಿದ್ದದ್ದು ಎಸ್‌ವಿಸಿಹೋಸ್ಟ್ (svchost.exe) ಎಂಬ, ವಿಂಡೋಸ್‌ನದೇ ಒಂದು ಹೆಸರು.

ಫೈರ್‌ವಾಲ್, ಅಂದರೆ ಕಂಪ್ಯೂಟರಿಗೂ ನೆಟ್ಟಿಗೂ ನಡುವಿನ ಕಾವಲುಗಾರ, ಇರಲಿಲ್ಲ ಅಂತಲ್ಲ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಬಂದಾಗಿನಿಂದ ಅದು ತಾನಾಗಿಯೇ ಆನ್ ಇರುತ್ತದೆ. ಆದರೆ ಅದು ಕಾಯುವುದು ಒಳಗೆ ಬರುವವರನ್ನು. ಹೊರಗೆ ಹೋಗುವವರನ್ನು, ನಾವಾಗಿ ರೂಲ್ ಹಾಕದಿದ್ದರೆ, ತಡೆಯುವುದಿಲ್ಲ. ‘ಈ ಆ್ಯಪ್‌ನ ಕೆಲವು ಫೀಚರ್ ತಡೆಯಲಾಗಿದೆ’ ಎಂದು ವಿಂಡೋಸ್ ತೋರಿಸುವ ಕಿಟಕಿಯೂ ಒಳಬರುವ ಸಂಪರ್ಕದ್ದೇ. ಅಲ್ಲಿ ಕ್ಯಾನ್ಸಲ್ ಒತ್ತಿದರೆ ಆ ಪ್ರೋಗ್ರಾಮಿಗೆ ನೆಟ್ ನಿಂತುಹೋಯಿತು ಅಂತ ಅಪ್ಪ ಇಷ್ಟು ದಿನ ನಂಬಿದ್ದರು. ನಾನೂ ಬಹಳ ಕಾಲ ಹಾಗೇ ನಂಬಿದ್ದೆ.

3ನೇ ದಿನ

ಇವತ್ತು ತಪ್ಪು ಮಾಡಿದೆ. ಡೇಟಾ ಜಾಸ್ತಿ ತಿನ್ನುತ್ತಿದೆ ಅಂತ ವಿಂಡೋಸ್ ಫೈರ್‌ವಾಲ್‌ನ ಔಟ್‌ಬೌಂಡ್ ರೂಲ್ಸ್‌ನಲ್ಲಿ (ಹೊರಗೆ ಹೋಗುವವರಿಗೆ ಹಾಕುವ ರೂಲ್) ಎಸ್‌ವಿಸಿಹೋಸ್ಟನ್ನೇ ಬ್ಲಾಕ್ ಮಾಡಿದೆ. ಒಂದು ಪುಟವೂ ತೆರೆಯಲಿಲ್ಲ. ಹಾಟ್‌ಸ್ಪಾಟ್ ಸರಿ ಇದೆ, ಸಿಗ್ನಲ್ ಇದೆ. ಗೂಗಲ್ ಸರ್ವರಿನ ನಂಬರು 8.8.8.8ಕ್ಕೆ ಪಿಂಗ್ ಕೊಟ್ಟರೆ (ಇದ್ದೀಯಾ ಅಂತ ಕೂಗಿ ನೋಡಿದರೆ) ಉತ್ತರ ಬರುತ್ತದೆ, ಸೈಟಿನ ಹೆಸರು ಕೊಟ್ಟರೆ ಬರುವುದಿಲ್ಲ. ಆಗ ಹೊಳೆಯಿತು, ನಿಂತಿರುವುದು ನೆಟ್ ಅಲ್ಲ, ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಅದರ ನಂಬರು (ಐಪಿ ವಿಳಾಸ) ಹುಡುಕಿಕೊಡುವ ವ್ಯವಸ್ಥೆ.

ಎಸ್‌ವಿಸಿಹೋಸ್ಟ್ ಎಂಬುದು ಒಂದು ಪ್ರೋಗ್ರಾಮ್ ಅಲ್ಲ. ವಿಂಡೋಸ್‌ನ ಹತ್ತಾರು ಸರ್ವಿಸ್‌ಗಳು ಅದೇ ಹೆಸರಿನಲ್ಲಿ ಓಡುತ್ತವೆ. ಹೆಸರನ್ನು ಐಪಿ ವಿಳಾಸ ಮಾಡಿಕೊಡುವುದೂ ಅಲ್ಲೇ, ಅಪ್‌ಡೇಟ್ ತರುವುದೂ ಅಲ್ಲೇ, ಗಡಿಯಾರ ಸರಿಪಡಿಸುವುದೂ ಅಲ್ಲೇ. ಡಿಎನ್‌ಎಸ್‌ಗೆ ಮೊದಲೇ ಅನುಮತಿ ರೂಲ್ ಇತ್ತು. ಆದರೂ ಉಪಯೋಗವಾಗಲಿಲ್ಲ. ವಿಂಡೋಸ್ ಫೈರ್‌ವಾಲ್‌ನಲ್ಲಿ ಒಂದೇ ಸಂಪರ್ಕಕ್ಕೆ ಅನುಮತಿಯೂ ಇದ್ದು ತಡೆಯೂ ಇದ್ದರೆ ತಡೆಯೇ ಗೆಲ್ಲುತ್ತದೆ. ರೂಲ್ ಅಳಿಸಿದೆ, ನೆಟ್ ಬಂತು.

ಡೇಟಾಕ್ಕೆ ಬೇರೆ ಸುಲಭದ ದಾರಿ ಇತ್ತು. ಹಾಟ್‌ಸ್ಪಾಟನ್ನು ವಿಂಡೋಸ್‌ನಲ್ಲಿ ಮೀಟರ್ಡ್ ಕನೆಕ್ಷನ್ (ಡೇಟಾಕ್ಕೆ ಮಿತಿ ಇರುವ ಸಂಪರ್ಕ) ಎಂದು ಗುರುತು ಮಾಡಿದೆ. ಈಗ ದೊಡ್ಡ ಅಪ್‌ಡೇಟುಗಳು ತಾವಾಗಿ ಇಳಿಯುವುದಿಲ್ಲ. ಭಾನುವಾರ ನಾನು ಹೋದಾಗ ನನ್ನ ಫೋನಿನಿಂದ ಹಾಕುತ್ತೇನೆ. ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿ ಡೇಟಾ ಉಳಿಸುವುದು ನನಗೆ ಒಪ್ಪಿಗೆಯಿಲ್ಲ.

6ನೇ ದಿನ

ಸಿಂಪಲ್‌ವಾಲ್ ಹಾಕಿದೆ. ವಿಂಡೋಸ್ ಒಳಗೇ ಇರುವ ಫಿಲ್ಟರಿಂಗ್ ಪ್ಲಾಟ್‌ಫಾರ್ಮನ್ನೇ ಬಳಸುವ ಚಿಕ್ಕ ಪ್ರೋಗ್ರಾಮ್ ಇದು. ಪಟ್ಟಿಯಲ್ಲಿಲ್ಲದ ಯಾರಾದರೂ ಹೊರಗೆ ಹೋಗಲು ನೋಡಿದರೆ ತಡೆದು, ಬಿಡಬೇಕಾ ಅಂತ ಕೇಳುತ್ತದೆ.

ಮೊದಲ ಗಂಟೆಯಲ್ಲಿ ಒಂದರ ಹಿಂದೆ ಒಂದು ಕಿಟಕಿ. ಅಪ್ಪ ಮೊದಲ ನಾಲ್ಕನ್ನು ಓದಿ ಒತ್ತಿದರು. ಐದನೆಯದರಿಂದ ಓದದೆ ‘ಬಿಡು’ ಒತ್ತತೊಡಗಿದರು. ಅದು ಅವರ ತಪ್ಪಲ್ಲ. ಕೆಲಸದ ಮಧ್ಯೆ ಹತ್ತು ಸಲ ಕೇಳಿದರೆ ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ? ಓದದೆ ‘ಬಿಡು’ ಒತ್ತುವುದಾದರೆ ಅಲರ್ಟ್ ಇದ್ದೂ ಪ್ರಯೋಜನವಿಲ್ಲ. ಸಂಜೆ ಎಲ್ಲ ಅನುಮತಿ ತೆಗೆದು ಮತ್ತೆ ಮೊದಲಿಂದ ಕೂತೆ.

ಈ ಸಲ ಒಂದು ನೋಟ್‌ಬುಕ್ ಇಟ್ಟೆವು. ಕಿಟಕಿ ಬಂದರೆ ಪ್ರೋಗ್ರಾಮಿನ ಹೆಸರು, ಅದು ಯಾವ ಫೋಲ್ಡರ್‌ನಲ್ಲಿದೆ, ಆಗ ತಾನೇ ನಾವು ಏನು ತೆರೆದಿದ್ದೆವು, ಇಷ್ಟು ಬರೆಯಬೇಕು. ಗೊತ್ತಿಲ್ಲದಿದ್ದರೆ ತಡೆಯಬೇಕು. ಏನಾದರೂ ನಿಂತರೆ ಆಮೇಲೆ ಬಿಡಬಹುದು. ಬ್ರೌಸರ್, ಇಮೇಲ್, ಆ್ಯಂಟಿವೈರಸ್ ಬಿಟ್ಟೆವು. ನುಡಿಗೆ ನೆಟ್ ಬೇಕೇ ಇಲ್ಲ, ಪತ್ರ ಆರಾಮಾಗಿ ಟೈಪ್ ಆಗುತ್ತದೆ. ಕ್ಲೌಡ್ ಬ್ಯಾಕಪ್ ಭಾನುವಾರಕ್ಕೆ ಮಾತ್ರ.

13ನೇ ದಿನ

ಅನುಮತಿ ಕೊಟ್ಟಿದ್ದ ಒಂದು ಮೀಟಿಂಗ್ ಆ್ಯಪ್ ಇದ್ದಕ್ಕಿದ್ದಂತೆ ಮತ್ತೆ ಕೇಳಿತು. ಅಪ್ಪನಿಗೆ ಗಾಬರಿ. ನೋಟ್‌ಬುಕ್ ತೆಗೆದು ನೋಡಿದರೆ ಹೆಸರು ಅದೇ, ಫೋಲ್ಡರ್ ಬೇರೆ. ಆ್ಯಪ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡು ಹೊಸ ವರ್ಷನ್ ನಂಬರಿನ ಫೋಲ್ಡರಿಗೆ ಹೋಗಿತ್ತು. ರೂಲ್ ಹಿಡಿದುಕೊಂಡಿರುವುದು ಫೈಲ್ ಇರುವ ಜಾಗವನ್ನು. ಫೋಲ್ಡರ್ ಬರೆದಿಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

20ನೇ ದಿನ

ಮೊನ್ನೆ ರಾತ್ರಿ 9 ಗಂಟೆಗೆ 700 ಎಂಬಿ ಉಳಿದಿತ್ತು. ಈ ವಾರ ಬಂದದ್ದು ಎರಡೇ ಅಲರ್ಟ್. ಎರಡನೆಯದು ಬಂದಾಗ ಅಪ್ಪ ಫೋನ್ ಮಾಡಿದರು: “ಹೊಸ ಹೆಸರು ಕಣೋ, ಟೆಂಪ್ ಫೋಲ್ಡರ್‌ನಿಂದ ಬಂದಿದೆ. ಬರೆದಿಟ್ಟು ಬ್ಲಾಕ್ ಮಾಡಿದೀನಿ. ಬಂದಾಗ ನೋಡು.” ಟೆಂಪ್ ಅಂದರೆ ತಾತ್ಕಾಲಿಕ ಫೈಲುಗಳ ಜಾಗ.

ಪ್ರಿಂಟರಿನ ಸ್ಕ್ಯಾನ್ ಮಾತ್ರ ಇನ್ನೂ ಸರಿ ಹೋಗಿಲ್ಲ. ಪ್ರಿಂಟ್ ಆಗುತ್ತದೆ, ವೈಫೈ ಮೇಲೆ ಸ್ಕ್ಯಾನರ್ ಸಿಗುವುದಿಲ್ಲ. ಯಾರನ್ನು ತಡೆಯಿತು ಅಂತ ಬರೆದಿಡುವ ಫೈರ್‌ವಾಲ್ ಲಾಗ್ ಆನ್ ಮಾಡಿ ಬಂದಿದ್ದೇನೆ. ಈ ಭಾನುವಾರ ನೋಡಬೇಕಾದದ್ದು ಆ ಟೆಂಪ್ ಫೈಲೂ ಈ ಸ್ಕ್ಯಾನರೂ.