ಸುಮ್ನೆ ನಿಂತ್ಕೊಳ್ಳೋದು ಒಂದು ಎಕ್ಸರ್‌ಸೈಜಾ?

ಚೀನಾದ ಜಾನ್ ಜುವಾಂಗ್ ಅನ್ನೋ ನಿಲ್ಲೋ ಅಭ್ಯಾಸನ ಮೊದಲ ಸಲ ನೋಡ್ದೋರಿಗೆ ನಗು ಬರೋದು ಸಹಜ, ಒಬ್ಬ ದೊಡ್ಡ ಮರ ತಬ್ಕೊಂಡೋನ ಥರ ಕೈ ಗುಂಡಗೆ ಹಿಡ್ಕೊಂಡು ಅಲ್ಲಾಡದೆ ನಿಂತಿರ್ತಾನೆ ಅಷ್ಟೇ. ಐದು ನಿಮಿಷ ನೀವೇ ನಿಂತು ನೋಡಿ, ಆಮೇಲೆ ಮಾತಾಡೋಣ.

ಪಾದ ಭುಜದಷ್ಟು ಅಗಲ, ಮಂಡಿ ಒಂಚೂರು ಸಡಿಲ, ನೆತ್ತಿ ಮೇಲಕ್ಕೆ, ಸೊಂಟದ ಭಾರ ಕೆಳಕ್ಕೆ, ಕೈ ಎದೆ ಮಟ್ಟದಲ್ಲಿ, ಆದ್ರೆ ಮೊಣಕೈ ಭುಜಕ್ಕಿಂತ ಕೆಳಗೇ ಇರ್ಬೇಕು. ಉಸಿರು ಅದರ ಪಾಡಿಗೆ ಅದು. ಸ್ವಲ್ಪ ಹೊತ್ತಿಗೇ ಭುಜ ಉರಿಯೋಕೆ ಶುರುವಾಗತ್ತೆ, ಆಮೇಲೆ ತೊಡೆ ನಡುಗತ್ತೆ, ಅಂಗೈ ಬಿಸಿಯಾಗಿ ಜುಮ್ ಅನ್ನತ್ತೆ, ನಂಗಂತೂ ಎಲ್ಲಕ್ಕಿಂತ ಜಾಸ್ತಿ ತಲೆಯೊಳಗಿನ ಗಲಾಟೆ ಕೇಳ್ಸತ್ತೆ. ನಡುಕ ಬಂದ ತಕ್ಷಣ "ಚಿ ಹರೀತಿದೆ" ಅಂತ ಖುಷಿಪಡೋರಿದಾರೆ (ಚಿ ಅಂದ್ರೆ ಚೀನಾದ ನಂಬಿಕೆಯಲ್ಲಿ ಮೈಯೊಳಗೆ ಹರಿಯೋ ಪ್ರಾಣಶಕ್ತಿ), ನನ್ನ ಪ್ರಕಾರ ಅದು ಸ್ನಾಯು ಸುಸ್ತಾಗಿರೋದು ಅಷ್ಟೇ, ಅದ್ರಿಂದ ಈ ಅಭ್ಯಾಸದ ಬೆಲೆಯೇನೂ ಕಮ್ಮಿ ಆಗಲ್ಲ. ನಿಂತಾಗ ಎಲ್ಲೆಲ್ಲಿ ಸುಮ್‌ಸುಮ್ನೆ ಬಿಗಿ ಹಿಡ್ಕೊಂಡಿದೀವಿ ಅಂತ ಗೊತ್ತಾಗತ್ತಲ್ಲ, ಅದನ್ನ ಒಂದೊಂದಾಗಿ ಬಿಡೋದೇ ಅಸಲಿ ಕೆಲಸ.

ಇದು ಬರೀ ಧ್ಯಾನ ಅನ್ಕೋಬೇಡಿ. ಶಿಂಗ್ ಯಿ ಅನ್ನೋ ಯುದ್ಧಕಲೆ ಕಲ್ತಿದ್ದ ವಾಂಗ್ ಶಿಯಾಂಗ್‌ಜಾಯ್ (ತೀರ್ಕೊಂಡಿದ್ದು 1963ರಲ್ಲಿ) ಬಾಯಿಪಾಠ ಮಾಡೋ ವರಸೆಗಳನ್ನೆಲ್ಲ ಪಕ್ಕಕ್ಕಿಟ್ಟು, ನಿಲ್ಲೋದನ್ನೇ ತಳಪಾಯ ಮಾಡ್ಕೊಂಡು ಯಿ ಚುವಾನ್ ಅನ್ನೋ ತಮ್ಮದೇ ಯುದ್ಧಕಲೆ ಕಟ್ಟಿದ್ರು. ಹೊಡೆದಾಡೋರು ಇಷ್ಟೊತ್ತು ಸುಮ್ನೆ ನಿಲ್ತಿದ್ರು ಅನ್ನೋದೇ ನಂಗೆ ಇದ್ರಲ್ಲಿ ಭಾರಿ ಇಷ್ಟವಾದ ವಿಷ್ಯ. ಆಮೇಲೆ ವಾಂಗ್ ಅವರೇ ಇದನ್ನ ಆರೋಗ್ಯಕ್ಕೆ ಅಂತಾನೂ ಕಲಿಸಿದ್ರು. 1950ರ ದಶಕದಲ್ಲಿ ಲಿಯು ಗುಯ್‌ಜೆನ್ ಥರದ ಪ್ರಚಾರಕರಿಂದ ಚಿಗಾಂಗ್ (ಉಸಿರು, ಭಂಗಿ, ನಿಧಾನ ಚಲನೆಯ ಇಂಥ ಅಭ್ಯಾಸಗಳಿಗೆಲ್ಲ ಒಟ್ಟು ಹೆಸರು) ಚೀನಾದ ಸರ್ಕಾರಿ ಚಿಕಿತ್ಸಾಲಯಗಳಿಗೂ ಹೋಯ್ತು, 80ರ ದಶಕದಲ್ಲಿ ಹುಚ್ಚೇ ಹಿಡೀತು, ದೂರದಿಂದ್ಲೇ ಚಿ ಕಳಿಸಿ ಕಾಯಿಲೆ ವಾಸಿ ಮಾಡ್ತೀವಿ ಅನ್ನೋ ಮಾಸ್ಟರ್‌ಗಳೆಲ್ಲ ಹುಟ್ಕೊಂಡ್ರು. ಅಂಥೋರಿಂದ ದೂರ ಇರಿ, ಇನ್ನೇನು ಹೇಳ್ಲಿ.

ನಿಂತ್ರೆ ಬೋರ್ ಆಗತ್ತೆ ಅನ್ನೋರು ಬಾದುವಾನ್‌ಜಿನ್ ಇಂದ ಶುರು ಮಾಡ್ಬೋದು, ಸಾಂಗ್ ರಾಜವಂಶದ ಕಾಲದಿಂದ ಬಂದಿರೋ ಎಂಟು ಚಲನೆಗಳು, ಎರಡೂ ಕೈಲಿ ಆಕಾಶ ಎತ್ತೋದು, ಬಿಲ್ಲು ಎಳೆಯೋದು ಹೀಗೆ. ಸುಲಭ, ಬೇಗ ಮುಗಿಯತ್ತೆ.

ಜಾನ್ ಜುವಾಂಗೇ ಬೇಕು ಅಂದ್ರೆ ಮಂಡಿ ಲಾಕ್ ಮಾಡ್ಲೇಬೇಡಿ, ಅಲ್ಲಾಡದೆ ನಿಂತಾಗ ರಕ್ತ ಕಾಲಲ್ಲೇ ನಿಂತು ತಲೆ ಸುತ್ಬೋದು. ಹಂಗನ್ಸಿದ್ರೆ ಹಠ ಮಾಡ್ದೆ ಕೂತ್ಬಿಡಿ. ಬಿಪಿ ಏರುಪೇರು ಇರೋರು ಡಾಕ್ಟರ್‌ನ ಕೇಳ್ಕೊಂಡೇ ಶುರು ಮಾಡಿ.